ಸದ್ದಿಲ್ಲದ ಕಂಪ್ಯೂಟರಿಗೆ ನೀರೇ ಬೇಕೇ?

ನಮ್ಮ ಕಲಬುರಗಿಯಲ್ಲಿ ‘ಕೂಲರ್’ ಎಂದರೆ ಯಾರಿಗಾದರೂ ಮೊದಲು ನೆನಪಾಗುವುದು ಕಿಟಕಿಗೆ ಇಟ್ಟ, ಹುಲ್ಲಿನ ಪ್ಯಾಡಿನ ಮೇಲೆ ನೀರು ಸುರಿಯುವ ದೊಡ್ಡ ಡಬ್ಬ. ಆದರೆ ಈಗ ನಮ್ಮ ಕ್ಲಾಸಿನಲ್ಲಿ ಬ್ರೇಕ್ ಹೊತ್ತಿಗೆ ಮಾತಿಗೆ ಬರುವ ಕೂಲರ್ ಬೇರೆ. ಅದು ಕಂಪ್ಯೂಟರ್ ಕ್ಯಾಬಿನೆಟ್ಟಿನ ಒಳಗೆ ಕೂರುವ ಲಿಕ್ವಿಡ್ ಕೂಲರ್. ಗಾಜಿನ ಕ್ಯಾಬಿನೆಟ್, ಒಳಗೆ ಎರಡು ಕಪ್ಪು ಪೈಪು, ಬಣ್ಣಬಣ್ಣದ ಬೆಳಕಿನ ಮೂರು ಫ್ಯಾನು. ‘ಇದನ್ನು ಹಾಕಿಸಿದರೆ ಸದ್ದೇ ಇರುವುದಿಲ್ಲ’ ಎಂಬ ಮಾತೂ ಅದರ ಜೊತೆಗೇ ಬರುತ್ತದೆ. ಅದಕ್ಕಾಗಿಯೇ ಹಣ ಕೂಡಿಡುತ್ತಿರುವ ಗೆಳೆಯರೂ ಇದ್ದಾರೆ. ಈ ಬರಹ ಅವರಿಗಾಗಿ. ನನ್ನ ಅಭಿಪ್ರಾಯ ಇಷ್ಟು: ಸದ್ದಿಲ್ಲದ ಕಂಪ್ಯೂಟರ್ ಬೇಕೆನ್ನುವುದು ಸರಿಯಾದ ಆಸೆಯೇ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಅದಕ್ಕೆ ನೀರು ಬೇಕಿಲ್ಲ, ಸ್ವಲ್ಪ ಲೆಕ್ಕ ಬೇಕು.

ಮೊದಲು ಆಸೆಯ ಮಾತು. ‘ಕಂಪ್ಯೂಟರ್ ಅಂದ ಮೇಲೆ ಸದ್ದು ಇದ್ದೇ ಇರುತ್ತೆ, ಅದಕ್ಕೂ ದುಡ್ಡು ಹಾಕೋದು ಬರೀ ಶೋಕಿ’ ಎಂದು ದೊಡ್ಡವರು ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಕಂಪ್ಯೂಟರಿಗೆಂದೇ ಬೇರೆ ಕೋಣೆ ಇದೆ? ಹಾಲ್‌ನಲ್ಲೇ ಕಂಪ್ಯೂಟರ್, ಅಲ್ಲೇ ದಸ್ತರ್‌ಖಾನ್, ಅಲ್ಲೇ ದಾದಿಯ ಹಾಸಿಗೆ, ಅಲ್ಲೇ ತಂಗಿಯ ಎಸ್ಸೆಸ್ಸೆಲ್ಸಿ ಓದು. ಈಚಿನ ವರ್ಷಗಳಲ್ಲಿ ರಮಝಾನ್ ಮತ್ತು ಪಿಯುಸಿ ಪರೀಕ್ಷೆ ಒಂದೇ ಹೊತ್ತಿಗೆ ಬರುತ್ತಿವೆ. ತರಾವೀಹ್ ಮುಗಿಸಿ ಮಲಗಿದವರಿಗೆ ಸಹರಿಗೆ ಏಳುವ ಮುಂಚೆ ಸಿಗುವುದೇ ಕೆಲವು ಗಂಟೆಗಳ ನಿದ್ದೆ. ಆ ಹೊತ್ತಿನಲ್ಲಿ ನಮ್ಮ ಕ್ಯಾಬಿನೆಟ್ ಗುಂಯ್ ಎನ್ನುತ್ತಿದ್ದರೆ ಅದು ಮಲಗಿದವರ ಹಕ್ಕನ್ನು ಕಿತ್ತುಕೊಂಡಂತೆ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಅದು ಹೊರಗಿನ ಸದ್ದಿಗೆ. ದಿಂಬಿನಿಂದ ನಾಲ್ಕು ಅಡಿ ದೂರದಲ್ಲಿ ತಿರುಗುವ ಫ್ಯಾನಿಗೆ ಯಾವ ಕಾನೂನೂ ಇಲ್ಲ. ಅಲ್ಲಿ ನಮ್ಮ ತಮೀಜ್ ಒಂದೇ ಕಾನೂನು. ಹಾಗಾಗಿ ಸದ್ದು ಕಡಿಮೆ ಮಾಡುವುದು ಶೋಕಿಯಲ್ಲ.

ಇನ್ನು ನೀರಿನ ಮಾತು. ಲಿಕ್ವಿಡ್ ಕೂಲರ್ ಏನು ಮಾಡುತ್ತದೆ ಎಂದು ತಿಳಿಯಲು ಬೈಕ್ ನೋಡಿದರೆ ಸಾಕು. ಸ್ಪ್ಲೆಂಡರ್ ಎಂಜಿನ್ನಿನ ಸುತ್ತ ತೆಳು ಲೋಹದ ರೆಕ್ಕೆಗಳಿವೆ, ಗಾಳಿ ತಾಗಿ ಅದು ತಣ್ಣಗಾಗುತ್ತದೆ. ಪಲ್ಸರ್ ಎನ್‌ಎಸ್ 200ಕ್ಕೆ ಮುಂದೆ ರೇಡಿಯೇಟರ್ ಇದೆ, ಒಳಗೆ ದ್ರವ ಓಡಾಡುತ್ತದೆ. ಕಂಪ್ಯೂಟರಿನಲ್ಲೂ ಇದೇ ಎರಡು ದಾರಿ. ಒಂದರಲ್ಲಿ ಪ್ರೊಸೆಸರಿನ ಮೇಲೆ ಕೂತ ರೆಕ್ಕೆಗಳ ಗೋಪುರಕ್ಕೆ ಫ್ಯಾನು ಗಾಳಿ ಹೊಡೆಯುತ್ತದೆ. ಇನ್ನೊಂದರಲ್ಲಿ ಪಂಪು ದ್ರವವನ್ನು ಪ್ರೊಸೆಸರಿನಿಂದ ರೇಡಿಯೇಟರಿಗೆ ಸಾಗಿಸುತ್ತದೆ, ಅಲ್ಲಿ ಫ್ಯಾನುಗಳು ಗಾಳಿ ಹೊಡೆಯುತ್ತವೆ. ನೀರು ಅಷ್ಟೇ ಗಾತ್ರದ ಗಾಳಿಗಿಂತ ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖ ಹೊರಬಲ್ಲದು, ನಿಜ. ಆದರೆ ನೀರು ಹೊರುವ ಕೂಲಿ ಅಷ್ಟೇ. ಕೊನೆಗೆ ಆ ಶಾಖವನ್ನು ಕೋಣೆಯ ಗಾಳಿಗೆ ಕೊಡಬೇಕಾದದ್ದು ಫ್ಯಾನುಗಳೇ. ಅಂದರೆ ಲಿಕ್ವಿಡ್ ಕೂಲರಿನಲ್ಲಿ ಫ್ಯಾನಿನ ಸದ್ದು ಹೋಗುವುದಿಲ್ಲ, ಅದರ ಜೊತೆಗೆ ಪಂಪಿನ ಸದ್ದೂ ಸೇರುತ್ತದೆ.

ಫ್ಯಾನಿನ ಲೆಕ್ಕ ನಮಗೆ ಅನುಕೂಲವಾಗಿಯೇ ಇದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿಯೂ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬಲ್ ಕಡಿಮೆಯಾಗುತ್ತದೆ. 10 ಡೆಸಿಬಲ್ ಕಡಿಮೆಯಾದರೆ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಆದ್ದರಿಂದ ಸದ್ದಿಲ್ಲದ ಕಂಪ್ಯೂಟರಿನ ಗುಟ್ಟು ದೊಡ್ಡ ಫ್ಯಾನು ನಿಧಾನವಾಗಿ ತಿರುಗುವುದರಲ್ಲಿದೆ. ಅದು ಗೋಪುರದ ಮೇಲಿದ್ದರೂ ಸರಿ, ರೇಡಿಯೇಟರಿನ ಮೇಲಿದ್ದರೂ ಸರಿ.

ಹಾಗಾದರೆ ನಿಧಾನವಾಗಿ ತಿರುಗಿದರೆ ಸಾಕಾಗುತ್ತದೆಯೇ? ಅದು ಶಾಖ ಎಷ್ಟು ಎಂಬುದರ ಮೇಲೆ ನಿಂತಿದೆ. ನಮ್ಮ ಸ್ನೇಹಿತರ ಮನೆಗಳಲ್ಲಿ ಸಾಮಾನ್ಯವಾಗಿರುವ ಐ5-12400 ಪ್ರೊಸೆಸರಿನ ಮೂಲ ಮಿತಿ 65 ವ್ಯಾಟ್, ಪೂರ್ತಿ ಜೋರಿಗೆ 117 ವ್ಯಾಟ್. ರೈಜೆನ್ 5 5600 ಕೂಡ 65 ವ್ಯಾಟಿನದು. ಹಳೆಯ ಕಾಲದ ಬಲ್ಬು 60, 100 ವ್ಯಾಟ್ ಇರುತ್ತಿದ್ದವಲ್ಲ, ಹೆಚ್ಚುಕಡಿಮೆ ಅಷ್ಟೇ ಶಾಖ. ಇದಕ್ಕೆ ಒಂದು ಒಳ್ಳೆಯ ಗಾಳಿಗೋಪುರ ಧಾರಾಳ. ಆದರೆ ಐ9-14900ಕೆ ಪೂರ್ತಿ ಜೋರಿಗೆ 253 ವ್ಯಾಟ್ ಎಳೆಯುತ್ತದೆ. ಅಲ್ಲಿ ನೀರಿಗೆ ಅರ್ಥವಿದೆ. ಎನ್‌ಎಸ್ 200ರ ರೇಡಿಯೇಟರನ್ನು ಸ್ಪ್ಲೆಂಡರಿಗೆ ಕಟ್ಟಿಸಿದರೆ ಬೈಕ್ ಚಂದ ಕಾಣಬಹುದು, ಆದರೆ ಮೆಕ್ಯಾನಿಕ್ ನಗುತ್ತಾನೆ.

ಇನ್ನೊಂದು ಮಾತನ್ನು ಅಂಗಡಿಯವರು ಹೇಳುವುದಿಲ್ಲ. ಆಟ ಆಡುವಾಗ ಹೆಚ್ಚು ಶಾಖ ಬರುವುದು ಪ್ರೊಸೆಸರಿನಿಂದಲ್ಲ, ಗ್ರಾಫಿಕ್ಸ್ ಕಾರ್ಡಿನಿಂದ. ಆರ್‌ಟಿಎಕ್ಸ್ 3060 ಕಾರ್ಡ್ ಒಂದೇ 170 ವ್ಯಾಟಿನದು, ಅದಕ್ಕೆ ಅದರದೇ ಫ್ಯಾನುಗಳಿವೆ. ಪ್ರೊಸೆಸರಿಗೆ ಎಂಥ ದುಬಾರಿ ಲಿಕ್ವಿಡ್ ಕೂಲರ್ ಹಾಕಿದರೂ ಆ ಫ್ಯಾನುಗಳು ಕೂಗುವುದನ್ನು ನಿಲ್ಲಿಸುವುದಿಲ್ಲ. ಆದ್ದರಿಂದ ಹಣ ಕೊಡುವ ಮುಂಚೆ ಕೂಗುತ್ತಿರುವುದು ಯಾವುದು ಎಂದು ಪತ್ತೆ ಮಾಡಿ. ಹಳೆಯ ಪೇಪರನ್ನು ಕೊಳವೆಯಂತೆ ಸುತ್ತಿ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದೇ ಫ್ಯಾನಿನ ಹತ್ತಿರ ಹಿಡಿಯಿರಿ. ಪ್ರೊಸೆಸರಿನದೋ, ಕಾರ್ಡಿನದೋ, ಪವರ್ ಸಪ್ಲೈಯದೋ, ಹಿಂದಿನ ಅಗ್ಗದ ಫ್ಯಾನಿನದೋ ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಕೊಳವೆ ರೆಕ್ಕೆಗಳಿಗೆ ತಾಗದಂತೆ ನೋಡಿಕೊಳ್ಳಿ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಲಿಕ್ವಿಡ್ ಕೂಲರ್ ಫ್ರಿಜ್ ಅಲ್ಲ, ಕೋಣೆಗಿಂತ ತಣ್ಣಗೆ ಅದು ಏನನ್ನೂ ಮಾಡಲಾರದು. ಡಿಸೆಂಬರಿನಲ್ಲಿ 25 ಡಿಗ್ರಿ ಇದ್ದ ಕೋಣೆ ಮೇ ತಿಂಗಳಲ್ಲಿ 35 ಆದರೆ, ಅದೇ ಫ್ಯಾನಿನ ವೇಗದಲ್ಲಿ ಪ್ರೊಸೆಸರೂ ಸುಮಾರು 10 ಡಿಗ್ರಿ ಏರುತ್ತದೆ. ಅದು ಗಾಳಿಗೋಪುರಕ್ಕೂ ಅಷ್ಟೇ, ನೀರಿಗೂ ಅಷ್ಟೇ. ತಂಪು ದೇಶದಲ್ಲಿ ಮಾಡಿದ ಪರೀಕ್ಷೆಯ ಅಂಕಿಗಳನ್ನು ನೋಡಿ ಇಲ್ಲಿ ಕೊಂಡವರು ಇದನ್ನು ನೆನಪಿಡಬೇಕು. ಹಾಗೆಂದು ಹೆದರಬೇಕಾಗಿಯೂ ಇಲ್ಲ. ಐ5-12400 ತನ್ನನ್ನು ತಾನು ನಿಧಾನ ಮಾಡಿಕೊಳ್ಳುವುದು 100 ಡಿಗ್ರಿ ಮುಟ್ಟಿದಾಗ. 75 ಡಿಗ್ರಿಯಲ್ಲಿ ಓಡುವ ಪ್ರೊಸೆಸರ್ 60 ಡಿಗ್ರಿಯಲ್ಲಿ ಓಡುವುದಕ್ಕಿಂತ ಕಡಿಮೆ ಕೆಲಸ ಮಾಡುವುದಿಲ್ಲ. ಆ 15 ಡಿಗ್ರಿಗಾಗಿ ಫ್ಯಾನನ್ನು ಜೋರಾಗಿ ಓಡಿಸಿ ಮನೆಯವರ ನಿದ್ದೆ ಕೆಡಿಸುವುದರಲ್ಲಿ ಲಾಭವಿಲ್ಲ.

ಈಗ ನಮ್ಮ ಅಕೌಂಟೆನ್ಸಿ ಪುಸ್ತಕ ತೆರೆಯೋಣ. ಗಾಳಿಗೋಪುರಕ್ಕೆ ಸುಮಾರು 3,000 ರೂಪಾಯಿ ಎಂದು ಇಟ್ಟುಕೊಳ್ಳಿ. ಅದು ಲೋಹದ ತುಂಡು, 10 ವರ್ಷ ಬಾಳುತ್ತದೆ. ನಡುವೆ ಒಮ್ಮೆ 700 ರೂಪಾಯಿ ಕೊಟ್ಟು ಫ್ಯಾನು ಬದಲಿಸಿದರೂ ವರ್ಷಕ್ಕೆ 370 ರೂಪಾಯಿ ಸವಕಳಿ. ಲಿಕ್ವಿಡ್ ಕೂಲರಿಗೆ 9,000 ಎಂದುಕೊಳ್ಳಿ. ಅದರ ಪಂಪು ಸವೆಯುತ್ತದೆ, ಒಳಗಿನ ದ್ರವ ಪೈಪಿನ ಮೂಲಕ ವರ್ಷವರ್ಷ ಸ್ವಲ್ಪಸ್ವಲ್ಪವೇ ಆವಿಯಾಗಿ ಹೋಗುತ್ತದೆ, ಹೆಚ್ಚಿನವುಗಳಿಗೆ ಮತ್ತೆ ತುಂಬಿಸುವ ದಾರಿಯಿಲ್ಲ. ಆರು ವರ್ಷ ಬಾಳಿದರೆ ವರ್ಷಕ್ಕೆ 1,500 ರೂಪಾಯಿ. ಕೊನೆಗೆ ಗುಜರಿ ಮೌಲ್ಯವೂ ಸೊನ್ನೆಯ ಹತ್ತಿರ. ಆಸ್ಟ್ರಿಯಾದ ನಾಕ್ಟುವಾ ಕಂಪನಿ 2014ರಲ್ಲಿ ತಂದ ಎನ್‌ಎಚ್-ಡಿ15 ಎಂಬ ಗಾಳಿಗೋಪುರವನ್ನು ಇವತ್ತಿಗೂ ಜನ ಬಳಸುತ್ತಿದ್ದಾರೆ. ಅದೇ 2004ರಲ್ಲಿ ಆಪಲ್ ತನ್ನ ಪವರ್ ಮ್ಯಾಕ್ ಜಿ5ರ ದುಬಾರಿ ಮಾದರಿಗೆ ದ್ರವದ ಕೂಲಿಂಗ್ ಕೊಟ್ಟಿತು. ಮುಂದೆ ಅವುಗಳಲ್ಲಿ ಕೆಲವು ಸೋರಿ ಯಂತ್ರಗಳೇ ಹಾಳಾದವು. ಅಂದಿಗಿಂತ ಇಂದು ಸೋರುವುದು ತೀರಾ ಅಪರೂಪ, ಆದರೆ ಅಪಾಯ ಪೂರ್ತಿ ಹೋಗಿಲ್ಲ.

ಸವಕಳಿಗಿಂತ ದೊಡ್ಡದು ಇನ್ನೊಂದಿದೆ. ಗೋಪುರದ ಫ್ಯಾನು ಕೆಟ್ಟರೆ ಅದೇ ಸಂಜೆ ಊರಿನ ಅಂಗಡಿಯಿಂದ ಇನ್ನೊಂದು ತಂದು ಸಿಕ್ಕಿಸಬಹುದು. ಪಂಪು ಕೆಟ್ಟರೆ ಕಂಪ್ಯೂಟರ್ ಕೆಲವೇ ನಿಮಿಷಗಳಲ್ಲಿ ಬಿಸಿಯಾಗಿ ತಾನೇ ನಿಂತುಬಿಡುತ್ತದೆ. ಕೂಲರನ್ನು ಕಳಚಿ, ಪ್ಯಾಕ್ ಮಾಡಿ, ವಾರಂಟಿಗೆ ಕೊರಿಯರ್ ಮಾಡಿ ಕಾಯಬೇಕು. ಪ್ರಾಜೆಕ್ಟ್ ಸಲ್ಲಿಸುವ ವಾರದಲ್ಲಿ ಹಾಗಾದರೆ ಆ ನಷ್ಟವನ್ನು ಯಾವ ಲೆಡ್ಜರಿನಲ್ಲಿ ಬರೆಯುವುದು?

ಇಷ್ಟು ಹೇಳಿದೆನೆಂದು ಲಿಕ್ವಿಡ್ ಕೂಲರ್ ಯಾರಿಗೂ ಬೇಡ ಎನ್ನುವುದಿಲ್ಲ. ಅದಕ್ಕೆ ಒಂದು ನಿಜವಾದ ಗುಣವಿದೆ. ದ್ರವ ನಿಧಾನವಾಗಿ ಬಿಸಿಯಾಗುತ್ತದೆ, ನಿಧಾನವಾಗಿ ತಣ್ಣಗಾಗುತ್ತದೆ. ಆದ್ದರಿಂದ ಫ್ಯಾನುಗಳನ್ನು ದ್ರವದ ಉಷ್ಣತೆಗೆ ಕಟ್ಟಿದರೆ ಅವು ಒಮ್ಮೆ ಏರಿ ಒಮ್ಮೆ ಇಳಿದು ಕಾಡುವುದಿಲ್ಲ, ಒಂದೇ ಸಮನೆ ತಿರುಗುತ್ತವೆ. ಒಂದೇ ಸಮನಾದ ಸಣ್ಣ ಸದ್ದಿಗೆ ಕಿವಿ ಒಗ್ಗುತ್ತದೆ, ಏರಿಳಿಯುವ ಸದ್ದಿಗೆ ಒಗ್ಗುವುದಿಲ್ಲ. ನಮ್ಮಲ್ಲೇ ಕೆಲವರು ಸ್ಟುಡಿಯೋಗಳಿಗೆ ಮದುವೆ ವಿಡಿಯೋ ಎಡಿಟ್ ಮಾಡಿಕೊಟ್ಟು ಫೀಸ್ ಹೊಂದಿಸುತ್ತಾರೆ. 200 ವ್ಯಾಟಿನ ಪ್ರೊಸೆಸರ್ ಇಟ್ಟುಕೊಂಡು ರಾತ್ರಿಯಿಡೀ ರೆಂಡರ್ ಹಾಕುವವರಿಗೆ ಅದು ಖರ್ಚಲ್ಲ, ಬಂಡವಾಳ.

ಅಂಥವರು ಕೊಳ್ಳುವಾಗ ನೋಡಬೇಕಾದದ್ದು ಕೆಲವೇ ಸಂಗತಿ. ಮೊದಲನೆಯದು ರೇಡಿಯೇಟರಿನ ಗಾತ್ರ. 240 ಎಂದರೆ 120 ಮಿ.ಮೀ.ನ ಎರಡು ಫ್ಯಾನು, 280 ಎಂದರೆ 140 ಮಿ.ಮೀ.ನ ಎರಡು, 360 ಎಂದರೆ 120 ಮಿ.ಮೀ.ನ ಮೂರು. ಫ್ಯಾನುಗಳ ಜಾಗದ ವಿಸ್ತೀರ್ಣ ಗುಣಿಸಿ ನೋಡಿ: 288, 392, 432 ಚದರ ಸೆಂ.ಮೀ. ಹೆಸರಿನಲ್ಲಿ 240 ಮತ್ತು 280ಕ್ಕೆ ಅಂತರ ಸಣ್ಣದು, ವಿಸ್ತೀರ್ಣದಲ್ಲಿ 36 ಶೇಕಡಾ ಹೆಚ್ಚು. ಕ್ಯಾಬಿನೆಟ್ಟಿನಲ್ಲಿ ಹಿಡಿಸುವುದಾದರೆ ಸದ್ದಿನ ದೃಷ್ಟಿಯಿಂದ 280 ಒಳ್ಳೆಯ ವ್ಯಾಪಾರ.

ಎರಡನೆಯದು ಪಂಪು. ಅದರ ಸಣ್ಣ ಕೀರಲು ದನಿ ಅಂಗಡಿಯ ಗದ್ದಲದಲ್ಲಿ ಕೇಳುವುದಿಲ್ಲ, ರಾತ್ರಿ ಎರಡು ಗಂಟೆಗೆ ಕೇಳುತ್ತದೆ. ಪಂಪಿನ ವೇಗವನ್ನು ಫ್ಯಾನಿನಿಂದ ಬೇರೆಯಾಗಿ ಇಳಿಸಲು ಬರುವಂಥದ್ದನ್ನೇ ಆರಿಸಿ. ವಿಮರ್ಶೆ ಓದುವಾಗ ಪೂರ್ತಿ ವೇಗದಲ್ಲಿ ಯಾವುದು ತಣ್ಣಗಿದೆ ಎಂದು ನೋಡಬೇಡಿ, ಒಂದೇ ಮಟ್ಟದ ಸದ್ದಿನಲ್ಲಿ ಯಾವುದು ತಣ್ಣಗಿದೆ ಎಂದು ನೋಡಿ. ಮೂರನೆಯದು ಕೂರಿಸುವ ರೀತಿ. ಒಳಗೆ ಉಳಿದ ಗಾಳಿಗುಳ್ಳೆ ಯಾವಾಗಲೂ ಎತ್ತರದ ಜಾಗಕ್ಕೆ ಹೋಗುತ್ತದೆ. ಆ ಜಾಗ ಪಂಪಾಗಿದ್ದರೆ ಗುಳುಗುಳು ಸದ್ದು ಶುರುವಾಗುತ್ತದೆ, ಪಂಪಿನ ಆಯುಷ್ಯವೂ ಕಡಿಮೆಯಾಗುತ್ತದೆ. ರೇಡಿಯೇಟರ್ ಕ್ಯಾಬಿನೆಟ್ಟಿನ ಮೇಲ್ಭಾಗದಲ್ಲಿರುವುದು ಒಳ್ಳೆಯದು. ನಾಲ್ಕನೆಯದು ವಾರಂಟಿ. ಐದಾರು ವರ್ಷ ಇರಬೇಕು, ಸೋರಿ ಬೇರೆ ಭಾಗ ಕೆಟ್ಟರೆ ಕೊಡುತ್ತಾರೆಯೇ ಎಂದು ಬರಹದಲ್ಲಿ ಇರಬೇಕು. ಬಣ್ಣದ ಬೆಳಕಿಗೂ ಪಂಪಿನ ಮೇಲಿನ ಪುಟ್ಟ ಪರದೆಗೂ ಹಣ ಹೋಗುತ್ತದೆ, ಸದ್ದು ಒಂದು ಡೆಸಿಬಲ್ಲೂ ಇಳಿಯುವುದಿಲ್ಲ.

ಉಳಿದ ನಾವೆಲ್ಲ ಮೊದಲು ಪುಕ್ಕಟೆ ದಾರಿಗಳನ್ನು ಮುಗಿಸೋಣ. ಕ್ಯಾಬಿನೆಟ್ ತೆರೆದು ಧೂಳು ತೆಗೆಯುವುದು. ಹಳೆಯದಾದರೆ ಥರ್ಮಲ್ ಪೇಸ್ಟ್ ಬದಲಿಸುವುದು, ಅದಕ್ಕೆ ಕೆಲವೇ ನೂರು ರೂಪಾಯಿ. ಬಯಾಸ್‌ನಲ್ಲಿ ಫ್ಯಾನಿನ ವೇಗ ಸೆಕೆಂಡಿಗೊಮ್ಮೆ ಏರಿಳಿಯದಂತೆ ಕೆಲವು ಸೆಕೆಂಡು ತಡ ಹಾಕುವುದು. ಪ್ರೊಸೆಸರಿನ ವ್ಯಾಟ್ ಮಿತಿಯನ್ನು ಸ್ವಲ್ಪ ಇಳಿಸುವುದು. ಮಿತಿಯನ್ನು ಕಾಲು ಭಾಗ ಕತ್ತರಿಸಿದರೆ ವೇಗ ಕಾಲು ಭಾಗ ಹೋಗುವುದಿಲ್ಲ, ಅದಕ್ಕಿಂತ ಬಹಳ ಕಡಿಮೆ ಹೋಗುತ್ತದೆ. ಇಷ್ಟಾದ ಮೇಲೂ ಸದ್ದಿದ್ದರೆ ಗಾಳಿಗೋಪುರ, ಅದೂ ಸಾಲದಿದ್ದರೆ ನೀರು. ವುಝೂ ಮಾಡುವಾಗಲೂ ನೀರು ಪೋಲಾಗಬಾರದು ಎಂದು ಚಿಕ್ಕಂದಿನಿಂದ ಕಲಿತವರು ನಾವು. ಇಸ್ರಾಫ್ ಎಂದರೆ ನೀರಿನ ನಲ್ಲಿ ಮಾತ್ರವಲ್ಲ, 65 ವ್ಯಾಟಿನ ಪ್ರೊಸೆಸರಿಗೆ 9,000 ರೂಪಾಯಿಯ ಕೂಲರ್ ಕಟ್ಟುವುದೂ ಅದೇ.

ಕಾಲೇಜಿಗೂ ಒಂದು ಸಲಹೆ. ಬೇಸಿಗೆ ಜೋರಾಗುವ ಮುಂಚೆ, ಫೆಬ್ರವರಿಯ ಒಂದು ಶನಿವಾರ, ಲ್ಯಾಬ್ ಸಹಾಯಕರ ಮೇಲ್ವಿಚಾರಣೆಯಲ್ಲಿ ನಾವೇ ಬ್ಲೋಯರ್ ಹಿಡಿದು ಲ್ಯಾಬಿನ ಎಲ್ಲ ಕ್ಯಾಬಿನೆಟ್ಟುಗಳ ಧೂಳು ತೆಗೆಯಬಹುದು. ಮನೆಯ ಕಂಪ್ಯೂಟರಿಗೆ ಅದೇ ಕೆಲಸ ಮಾಡುವುದನ್ನೂ ಅಲ್ಲೇ ಕಲಿಯಬಹುದು. ಲ್ಯಾಬ್ ಮೇಡಂ ಒಪ್ಪಿದರೆ ಕಾಮರ್ಸ್ ವಿಭಾಗದಿಂದ ಮೊದಲ ಹೆಸರು ನನ್ನದು.