ರೋಬೊ ಬರಲಿ, ಮಾಣಿಯೂ ಇರಲಿ



ಮಲೇಷ್ಯಾದ ಹೋಟೆಲುಗಳಲ್ಲಿ ಬೆಕ್ಕಿನ ಮುಖದ ರೋಬೊಗಳು ತಟ್ಟೆ ಹೊತ್ತು ಓಡಾಡುವುದು ಈಗ ಹೊಸತಲ್ಲ. ಬೆಂಗಳೂರಿನ ಇಂದಿರಾನಗರದಲ್ಲೂ 2019ರಲ್ಲೇ ರೋಬೊ ರೆಸ್ಟೋರೆಂಟ್ ಬಾಗಿಲು ತೆರೆಯಿತು. ಆದರೆ ಮಾಣಿ ಮಾಡುತ್ತಿದ್ದ ಕೆಲಸವನ್ನೆಲ್ಲ ಈ ಯಂತ್ರಗಳು ಮಾಡುತ್ತಿಲ್ಲ. ಬೆಕ್ಕಿನ ಮುಖದ ರೋಬೊಗೆ ಕೈಗಳಿಲ್ಲ. ಅದು ಮೇಜಿನ ಪಕ್ಕಕ್ಕೆ ಬಂದು ನಿಲ್ಲುತ್ತದೆ, ಅಷ್ಟೆ. ಬಿಸಿ ಸೂಪಿನ ಬಟ್ಟಲನ್ನು ಅದರ ಹಲಗೆಯಿಂದ ಎತ್ತಿ ಮೇಜಿಗೆ ಇಳಿಸಬೇಕಾದವರು ಗಿರಾಕಿಯೇ. ಇಪ್ಪತ್ತೈದರ ಹುಡುಗರಿಗೆ ಇದೊಂದು ಮೋಜು. ಕೈ ನಡುಗುವ, ಬಾಗಲು ಕಷ್ಟಪಡುವ ಹಿರಿಯರಿಗೆ ಇದೇ ಅಪಾಯ. ವಯಸ್ಸಾದಂತೆ ಎತ್ತರದ ಸ್ವರಗಳು ಕಿವಿಗೆ ಮೊದಲು ಮಂದವಾಗುತ್ತವೆ. ಹೋಟೆಲಿನ ಗದ್ದಲದ ನಡುವೆ ಯಂತ್ರದ ಕೀರಲು ದನಿ ಅವರಿಗೆ ಮಾತಾಗಿ ಕೇಳುವುದೇ ಇಲ್ಲ. ಮಕ್ಕಳನ್ನು ನೋಡಲು ಕರ್ನಾಟಕದಿಂದ ಮಲೇಷ್ಯಾಕ್ಕೆ ಬರುವ ಅನೇಕ ತಂದೆ-ತಾಯಂದಿರಿಗೆ ಮಲಯ್ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೆ. ಅವರ ಕೈಸನ್ನೆ ಮನುಷ್ಯನಿಗೆ ಅರ್ಥವಾಗುತ್ತದೆ, ರೋಬೊದ ಪರದೆಗಲ್ಲ. ಹೀಗೆ ಮಾಲೀಕರಿಗೆ ಉಳಿದ ಶ್ರಮ ಗಿರಾಕಿಯ, ಅದರಲ್ಲೂ ಹಿರಿಯರ, ಹೆಗಲಿಗೆ ಬೀಳುತ್ತಿದೆ.

ಕೆಲಸಕ್ಕೆ ಜನ ಸಿಗುವುದಿಲ್ಲ ಎಂಬುದು ಮಾಲೀಕರ ವಾದ. ವಿದೇಶಿ ಕಾರ್ಮಿಕರನ್ನೇ ನೆಚ್ಚಿಕೊಂಡಿರುವ ಇಲ್ಲಿನ ಹೋಟೆಲುಗಳ ಮಟ್ಟಿಗೆ ಅದು ಸುಳ್ಳಲ್ಲ. ಹಾಗಾದರೆ ಅಡುಗೆಮನೆಯಿಂದ ಮೇಜಿನವರೆಗಿನ ಓಡಾಟ ರೋಬೊಗಿರಲಿ. ಆ ಓಡಾಟ ತಪ್ಪಿದ ಸಿಬ್ಬಂದಿ ಮೇಜಿನ ಬಳಿ ನಿಂತು ಬಡಿಸಲಿ. ಹಿರಿಯರೂ ಕಲಿಯಲಿ ಎನ್ನುವವರಿದ್ದಾರೆ. ಎಟಿಎಂ, ಮೊಬೈಲ್ ಪಾವತಿಗಳನ್ನು ಎಷ್ಟೋ ಹಿರಿಯರು ಕಲಿತಿದ್ದಾರೆ. ಆದರೆ ಕಲಿಕೆಯಿಂದ ಕೈಯ ಹಿಡಿತ, ಕಿವಿಯ ಚುರುಕು ಮರಳುವುದಿಲ್ಲ. ದರ್ಶಿನಿಗಳಲ್ಲಿ ನಾವೇ ತಟ್ಟೆ ಹೊರುವುದಿಲ್ಲವೇ ಎಂದೂ ಕೇಳಬಹುದು. ಅಲ್ಲಿ ಕೌಂಟರಿನ ಆಚೆಗೆ ಮನುಷ್ಯನಿದ್ದಾನೆ. ‘ಸಕ್ಕರೆ ಬೇಡ’ ಎಂದರೆ ಕೇಳಿಸಿಕೊಳ್ಳುತ್ತಾನೆ. ಯಂತ್ರ ಕೇಳಿಸಿಕೊಳ್ಳುವ ಬಗೆಯೇ ಬೇರೆ. ಜಪಾನಿನಲ್ಲಿ 2015ರಲ್ಲಿ ಆರಂಭವಾದ ಹೆನ್ ನಾ ಹೋಟೆಲ್ ರೋಬೊಗಳಿಂದಲೇ ಹೆಸರಾಯಿತು. ಅಲ್ಲಿ ಕೋಣೆಯೊಳಗಿನ ರೋಬೊ ಅತಿಥಿಯ ಗೊರಕೆಯನ್ನೇ ಮಾತೆಂದು ತಿಳಿದು ನಿದ್ದೆಯಿಂದ ಎಬ್ಬಿಸುತ್ತಿತ್ತು. 2019ರ ಹೊತ್ತಿಗೆ 243 ರೋಬೊಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಆ ಹೋಟೆಲ್ ಕೈಬಿಟ್ಟಿತು.

ಭಾರತದಲ್ಲಿ 60 ದಾಟಿದವರು 2011ರ ಜನಗಣತಿಯಲ್ಲೇ 10 ಕೋಟಿ ಮೀರಿದ್ದರು. ಮಲೇಷ್ಯಾದಲ್ಲೂ 2030ರ ವೇಳೆಗೆ ಅವರ ಪಾಲು ಶೇ 15 ಮುಟ್ಟುವ ಅಂದಾಜಿದೆ. ಇವರನ್ನು ಬದಿಗಿಟ್ಟು ಯಾವ ಹೋಟೆಲೂ ಆತಿಥ್ಯದ ಮಾತಾಡಲಾಗದು. ರೋಬೊ ಇರುವ ಕಡೆಯೆಲ್ಲ ಕರೆದರೆ ಬರುವ ಒಬ್ಬ ಸಿಬ್ಬಂದಿ, ದೊಡ್ಡಕ್ಷರದ ಮುದ್ರಿತ ಮೆನು, ಬಾಯಿಮಾತಿನಲ್ಲೇ ಆರ್ಡರ್ ಕೊಡುವ ಅವಕಾಶ ಇರಲೇಬೇಕು. ಪರವಾನಗಿ ಕೊಡುವ ಸ್ಥಳೀಯ ಸಂಸ್ಥೆಗಳು ಇದನ್ನು ಷರತ್ತಾಗಿ ಸೇರಿಸಲಿ; ಹೋಟೆಲ್ ಮಾಲೀಕರ ಸಂಘಗಳು ಆದೇಶಕ್ಕೆ ಕಾಯದೆ ಇಂದೇ ಜಾರಿಗೆ ತರಲಿ.

– ಓದುಗ, ನಿಲಾಯ್, ಮಲೇಷ್ಯಾ