ಪ್ರಯಾಣದ ಖರ್ಚು: ಮೊಬೈಲ್ ತೋರಿಸುವ ಅಂಕಿ ಮತ್ತು ಖಾತೆ ಹೇಳುವ ಅಂಕಿ

ದಾವಣಗೆರೆ ಮತ್ತು ಹರಿಹರದ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಪರವೂರಿನ ಪ್ರಯಾಣವು ವ್ಯವಹಾರದ ಅವಿಭಾಜ್ಯ ಅಂಗವಾಗಿದೆ. ಯಂತ್ರದ ಬಿಡಿಭಾಗಕ್ಕೆ ಬೆಂಗಳೂರಿನ ಪೀಣ್ಯ, ಸಗಟು ಖರೀದಿಗೆ ಹುಬ್ಬಳ್ಳಿ, ಬಾಕಿ ವಸೂಲಿಗೆ ನೆರೆಯ ಜಿಲ್ಲೆಗಳು ಎಂದು ತಿಂಗಳಲ್ಲಿ ಹಲವು ದಿನಗಳು ರಸ್ತೆಯ ಮೇಲೆಯೇ ಕಳೆಯುತ್ತವೆ. ಹಿಂದೆ ಹೊರಡುವ ಮುನ್ನ ಅನುಭವಿ ಚಾಲಕರನ್ನೋ ಲಾರಿ ಆಫೀಸಿನವರನ್ನೋ ವಿಚಾರಿಸಿ ಖರ್ಚನ್ನು ಅಂದಾಜು ಮಾಡಲಾಗುತ್ತಿತ್ತು. ಇಂದು ಆ ಕೆಲಸವನ್ನು ಮೊಬೈಲ್ ಮಾಡುತ್ತಿದೆ. ಗೂಗಲ್ ಮ್ಯಾಪ್ಸ್ ಭಾರತದಲ್ಲಿ 2022ರಿಂದ ದೂರ ಮತ್ತು ಸಮಯದ ಜೊತೆಗೆ ಟೋಲ್ ಶುಲ್ಕದ ಅಂದಾಜನ್ನೂ ನೀಡತೊಡಗಿತು. ಕಾರಿನ ಮೈಲೇಜ್ ಮತ್ತು ಇಂಧನದ ದರವನ್ನು ನಮೂದಿಸಿದರೆ ಒಟ್ಟು ಖರ್ಚನ್ನೇ ಲೆಕ್ಕ ಹಾಕಿ ಕೊಡುವ ಜಾಲತಾಣಗಳೂ ಇವೆ.

ಈ ಸೌಲಭ್ಯ ಸ್ವಾಗತಾರ್ಹವಾದುದು. ಆದರೆ ಈ ಸಾಧನಗಳು ತೋರಿಸುವುದು ಪೆಟ್ರೋಲ್ ಬಂಕಿಗೂ ಟೋಲ್ ಗೇಟಿಗೂ ಸಲ್ಲುವ ಹಣವನ್ನು ಮಾತ್ರ. ಆ ಮೊತ್ತವನ್ನೇ ಪ್ರಯಾಣದ ವೆಚ್ಚವೆಂದು ಭಾವಿಸಿ ವ್ಯವಹಾರದ ನಿರ್ಧಾರ ಕೈಗೊಳ್ಳುವುದು ನಷ್ಟಕ್ಕೆ ದಾರಿಯಾಗುತ್ತದೆ.

ಒಂದು ಉದಾಹರಣೆ

ನಿಟ್ಟುವಳ್ಳಿಯಲ್ಲಿ ವಾಸವಾಗಿರುವ ಒಬ್ಬ ಸಣ್ಣ ಉದ್ದಿಮೆದಾರರು ಪೀಣ್ಯಕ್ಕೆ ಕಾರಿನಲ್ಲಿ ಹೋಗಿಬರುವರೆಂದು ಇಟ್ಟುಕೊಳ್ಳಬಹುದು. ಚಿತ್ರದುರ್ಗ, ಹಿರಿಯೂರು, ಸಿರಾ, ತುಮಕೂರುಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗುವ ದೂರ ಸುಮಾರು 250 ಕಿ.ಮೀ. ಹೋಗಿಬರುವ 500 ಕಿ.ಮೀ.ಗೆ ಲೀಟರಿಗೆ 18 ಕಿ.ಮೀ. ಮೈಲೇಜ್, ಲೆಕ್ಕದ ಅನುಕೂಲಕ್ಕಾಗಿ ಲೀಟರಿಗೆ 100 ರೂಪಾಯಿ ದರ ಹಿಡಿದರೆ ಇಂಧನಕ್ಕೆ 2,778 ರೂಪಾಯಿ. ಹೋಗಿಬರುವ ಟೋಲ್ 800 ರೂಪಾಯಿ ಎಂದಿಟ್ಟುಕೊಂಡರೆ ಮೊಬೈಲ್ ತೋರಿಸುವ ಮೊತ್ತ 3,578 ರೂಪಾಯಿ.

ವಾಸ್ತವದಲ್ಲಿ ಊರೊಳಗಿನ ಓಡಾಟಕ್ಕೆ ಇನ್ನೂ 20 ಕಿ.ಮೀ. ಸೇರುತ್ತದೆ. ಏಸಿ ಬಳಕೆ, ನಗರದ ವಾಹನ ದಟ್ಟಣೆಗಳಿಂದಾಗಿ ಮೈಲೇಜ್ 15ಕ್ಕೆ ಇಳಿದರೆ 520 ಕಿ.ಮೀ.ಗೆ ಇಂಧನದ ಖರ್ಚೇ 3,467 ರೂಪಾಯಿ ಆಗುತ್ತದೆ. ಊಟ, ತಿಂಡಿ, ಪಾರ್ಕಿಂಗಿಗೆ 500 ರೂಪಾಯಿ ಬೇರೆ.

ಇನ್ನು ಕಾರಿನ ಸವಕಳಿ. ನಮ್ಮ ಬಹುಪಾಲು ಲೆಕ್ಕಗಳಲ್ಲಿ ಇದು ಆಟಕ್ಕುಂಟು, ಲೆಕ್ಕಕ್ಕಿಲ್ಲ. 9 ಲಕ್ಷಕ್ಕೆ ಕೊಂಡ ಕಾರನ್ನು 6 ವರ್ಷಗಳಲ್ಲಿ 90,000 ಕಿ.ಮೀ. ಓಡಿಸಿ 3.60 ಲಕ್ಷಕ್ಕೆ ಮಾರಿದರೆ ಕಿ.ಮೀ.ಗೆ 6 ರೂಪಾಯಿ ಸವಕಳಿ. ವರ್ಷಕ್ಕೆ 24,000 ರೂಪಾಯಿ ವಿಮೆಯನ್ನು 15,000 ಕಿ.ಮೀ.ಗೆ ಹಂಚಿದರೆ 1.60 ರೂಪಾಯಿ. ಟೈರು, ಸರ್ವೀಸ್, ದುರಸ್ತಿಗೆ 2 ರೂಪಾಯಿ. ಹೀಗೆ ಇಂಧನವನ್ನು ಬಿಟ್ಟು ಕಿ.ಮೀ.ಗೆ 9.60 ರೂಪಾಯಿಯಂತೆ 520 ಕಿ.ಮೀ.ಗೆ 4,992 ರೂಪಾಯಿ. ಎಲ್ಲವನ್ನೂ ಕೂಡಿಸಿದರೆ ಒಟ್ಟು 9,759 ರೂಪಾಯಿ. ಮೊಬೈಲ್ ತೋರಿಸಿದ್ದರ ಎರಡೂವರೆ ಪಟ್ಟಿಗೂ ಹೆಚ್ಚು. ಇವು ಉದಾಹರಣೆಯ ಅಂಕಿಗಳು. ಪ್ರತಿಯೊಬ್ಬರೂ ತಮ್ಮ ಕಾರಿನ ಅಂಕಿಗಳನ್ನು ಹಾಕಿ ನೋಡಿಕೊಳ್ಳಬೇಕು.

ಯಾವ ಪ್ರಶ್ನೆಗೆ ಯಾವ ಲೆಕ್ಕ?

ಕಾರು ಹೇಗೂ ಮನೆಯ ಮುಂದೆ ನಿಂತಿದೆ, ವಿಮೆ ಹೇಗೂ ಕಟ್ಟಿಯಾಗಿದೆ, ಅದನ್ನೇಕೆ ಈ ಪ್ರಯಾಣದ ತಲೆಗೆ ಕಟ್ಟಬೇಕು ಎಂಬ ಆಕ್ಷೇಪ ಸಹಜ. ಆಕ್ಷೇಪದಲ್ಲಿ ಹುರುಳಿದೆ. ನಾಳೆ ಕಾರಿನಲ್ಲಿ ಹೋಗುವುದೋ ರೈಲಿನಲ್ಲಿ ಹೋಗುವುದೋ ಎಂಬ ಪ್ರಶ್ನೆಗೆ ಹೋಗದಿದ್ದರೆ ಉಳಿಯುವ ಖರ್ಚನ್ನಷ್ಟೇ ಪರಿಗಣಿಸಬೇಕು. ವಿಮೆಯನ್ನು ಬಿಟ್ಟು, ಸವಕಳಿಯಲ್ಲಿ ಓಟದಿಂದಲೇ ಉಂಟಾಗುವ ಭಾಗವನ್ನು ಕಿ.ಮೀ.ಗೆ 2 ರೂಪಾಯಿ ಎಂದು ಹಿಡಿದರೆ ಮೇಲಿನ ಪ್ರಯಾಣದ ಖರ್ಚು 6,847 ರೂಪಾಯಿ ಆಗುತ್ತದೆ. ಆದರೆ ಸ್ವಂತ ಕಾರು ಇಟ್ಟುಕೊಳ್ಳುವುದೋ ಬೇಕಾದಾಗ ಬಾಡಿಗೆಗೆ ಪಡೆಯುವುದೋ ಎಂಬ ಪ್ರಶ್ನೆಗೆ, ಅಥವಾ ಗ್ರಾಹಕರಿಗೆ ನೀಡುವ ದರಪಟ್ಟಿಯಲ್ಲಿ ಪ್ರಯಾಣವೆಚ್ಚವನ್ನು ಸೇರಿಸುವಾಗ, 9,759 ರೂಪಾಯಿಯ ಲೆಕ್ಕವೇ ಸರಿಯಾದುದು. ಮೊಬೈಲಿನ 3,578 ರೂಪಾಯಿ ಈ ಎರಡು ಪ್ರಶ್ನೆಗಳಿಗೂ ಉತ್ತರವಲ್ಲ.

ಇದರ ಪರಿಣಾಮ ಸಣ್ಣದಲ್ಲ. ಶೇ. 4ರ ನಿವ್ವಳ ಲಾಭದಲ್ಲಿ ವಹಿವಾಟು ನಡೆಸುವ ವರ್ತಕರು 3,578 ರೂಪಾಯಿಯನ್ನು ಗಳಿಸಿಕೊಳ್ಳಲು ಸುಮಾರು 90,000 ರೂಪಾಯಿಯ ಮಾರಾಟ ಸಾಕೆಂದು ಭಾವಿಸುತ್ತಾರೆ. 6,847 ರೂಪಾಯಿಗೆ ಬೇಕಾಗುವ ಮಾರಾಟ 1.71 ಲಕ್ಷ. ಒಂದು ಲಕ್ಷ ರೂಪಾಯಿಯ ಆರ್ಡರಿಗಾಗಿ ಒಬ್ಬರೇ ಕಾರಿನಲ್ಲಿ ಹೋಗಿಬಂದರೆ ಲಾಭವು ರಸ್ತೆಯಲ್ಲಿಯೇ ಕರಗಿರುತ್ತದೆ.

ತೆರಿಗೆಯ ದೃಷ್ಟಿಯಿಂದಲೂ ಸಮಾಧಾನವಿಲ್ಲ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿ ವ್ಯಾಪ್ತಿಯ ಹೊರಗಿವೆ. ಚಾಲಕನೂ ಸೇರಿ 13 ಆಸನಗಳನ್ನು ಮೀರದ ವಾಹನವನ್ನು ಸ್ವಂತ ಓಡಾಟಕ್ಕೆ ಕೊಂಡಾಗ ಅದರ ಮೇಲೂ, ಅದರ ವಿಮೆ ಹಾಗೂ ದುರಸ್ತಿಯ ಮೇಲೂ ಕಟ್ಟಿದ ತೆರಿಗೆಗೆ ಕೇಂದ್ರ ಜಿಎಸ್‌ಟಿ ಕಾಯ್ದೆ, 2017ರ ಕಲಂ 17(5)ರ ಪ್ರಕಾರ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಆದಾಯ ತೆರಿಗೆಯಲ್ಲಿ ಕಾರಿನ ಖರ್ಚು, ಸವಕಳಿಗಳಿಗೆ ಅವಕಾಶವಿದ್ದರೂ ಸ್ವಂತ ಬಳಕೆಯ ಪಾಲನ್ನು ಕಳೆಯಬೇಕಾಗುತ್ತದೆ. ಪ್ರಯಾಣದ ದಾಖಲೆ ಇಲ್ಲದಿದ್ದರೆ ಆ ಪಾಲು ಎಷ್ಟೆಂಬುದು ವಿವಾದಕ್ಕೆ ಎಡೆಮಾಡುತ್ತದೆ.

ಟೋಲ್ ಉಳಿತಾಯ

ಹೆಬ್ಬಾಳು, ಗುಯಿಲಾಳು ಮೊದಲಾದ ಟೋಲ್ ಗೇಟುಗಳನ್ನು ಪದೇ ಪದೇ ದಾಟುವವರು ಫಾಸ್ಟ್ಯಾಗ್ ವಾರ್ಷಿಕ ಪಾಸನ್ನು ಪರಿಶೀಲಿಸುವುದು ಒಳಿತು. 2025ರ ಆಗಸ್ಟ್ 15ರಂದು ಇದು ಜಾರಿಗೆ ಬಂದಾಗ ಶುಲ್ಕ 3,000 ರೂಪಾಯಿ. ಅವಧಿ ಒಂದು ವರ್ಷ ಅಥವಾ 200 ಬಾರಿ, ಯಾವುದು ಮೊದಲೋ ಅದು. ಅಂದರೆ ಒಂದು ಬಾರಿಗೆ 15 ರೂಪಾಯಿ. ನಮ್ಮ ಉದಾಹರಣೆಯ 800 ರೂಪಾಯಿಯ ಲೆಕ್ಕದಲ್ಲಿ ನಾಲ್ಕು ಸಲ ಬೆಂಗಳೂರಿಗೆ ಹೋಗಿಬಂದರೆ ಹಣ ಮರಳಿದಂತೆ. ಇದು ವಾಣಿಜ್ಯೇತರ ಕಾರು, ಜೀಪು, ವ್ಯಾನುಗಳಿಗೆ ಮಾತ್ರ ಅನ್ವಯಿಸುತ್ತದೆ. ಸರಕು ವಾಹನಗಳಿಗಾಗಲಿ, ರಾಜ್ಯ ಹೆದ್ದಾರಿಯ ಟೋಲ್‌ಗಳಿಗಾಗಲಿ ಸಲ್ಲುವುದಿಲ್ಲ. ಕೊಳ್ಳುವ ಮುನ್ನ ಚಾಲ್ತಿಯಲ್ಲಿರುವ ಶುಲ್ಕವನ್ನು ನೋಡಿಕೊಳ್ಳಬೇಕು.

ಪಾಸ್ ಇಲ್ಲದವರಿಗೆ 24 ಗಂಟೆಯೊಳಗೆ ಹಿಂದಿರುಗಿದರೆ ಒಂದೂವರೆ ಪಟ್ಟು ಶುಲ್ಕವೆಂಬ ರಿಯಾಯಿತಿ 2008ರ ಶುಲ್ಕ ನಿಯಮಗಳಲ್ಲಿದೆ. ಮೇಲಿನ 800 ರೂಪಾಯಿ ಈ ರಿಯಾಯಿತಿಯ ದರವಾದರೆ ಉಳಿತಾಯ ಸುಮಾರು 267 ರೂಪಾಯಿ. ಇಷ್ಟಕ್ಕಾಗಿ ದಿನವಿಡೀ ದುಡಿದು ದಣಿದ ಮೇಲೆ ನಡುರಾತ್ರಿ ಸ್ಟಿಯರಿಂಗ್ ಹಿಡಿದು ಊರಿಗೆ ಧಾವಿಸುವುದು ವಿವೇಕವಲ್ಲ. ಮೊಬೈಲ್ ತೋರಿಸುವ ಪ್ರಯಾಣದ ಸಮಯದಲ್ಲಿ ಊಟ, ವಿಶ್ರಾಂತಿಗಳು ಸೇರಿಲ್ಲವೆಂಬುದನ್ನೂ ಮರೆಯಬಾರದು. ಮನೆಯ ದುಡಿಯುವ ಕೈ ಒಂದೇ ಆಗಿರುವ ಕಡೆ ಅಪಘಾತದ ಬೆಲೆಯನ್ನು ಯಾವ ಲೆಕ್ಕಪುಸ್ತಕವೂ ತುಂಬಿಕೊಡಲಾರದು.

ಮಾಡಬೇಕಾದುದು

ಕಾರಿನಲ್ಲಿ ಹೋಗುವುದೇ ತಪ್ಪೆಂದು ಇದರ ಅರ್ಥವಲ್ಲ. ಮೂವರು ಒಟ್ಟಿಗೆ ಹೋದರೆ 6,847 ರೂಪಾಯಿ ತಲಾ 2,282 ರೂಪಾಯಿಗೆ ಇಳಿಯುತ್ತದೆ. ಮಾದರಿ ಸರಕು ಜೊತೆಗಿದ್ದರೆ, ನಾಲ್ಕಾರು ಕಡೆ ಭೇಟಿಯಿದ್ದರೆ ಕಾರೇ ಲೇಸು. ಒಬ್ಬರೇ, ಒಂದೇ ಕೆಲಸಕ್ಕೆ ಹೋಗುವುದಾದರೆ ರೈಲು ಉತ್ತಮ. ಬೀರೂರು, ಅರಸೀಕೆರೆಗಳನ್ನು ಬಳಸಿ ಹೋಗುವ ರೈಲುಮಾರ್ಗ ರಸ್ತೆಗಿಂತ ಉದ್ದವಾದರೂ ಜನಶತಾಬ್ದಿಯಂತಹ ರೈಲುಗಳು ಮೊದಲಿನಿಂದಲೂ ಇವೆ. 2023ರ ಜೂನ್‌ನಿಂದ ವಂದೇ ಭಾರತ್ ರೈಲಿಗೂ ದಾವಣಗೆರೆಯಲ್ಲಿ ನಿಲುಗಡೆ ದೊರೆತಿದೆ.

ವರ್ತಕರು ಪ್ರತಿ ಪ್ರಯಾಣಕ್ಕೂ ಒಂದು ಹಾಳೆ ಇಡುವುದು ಸೂಕ್ತ. ಅದರಲ್ಲಿ ದಿನಾಂಕ, ಉದ್ದೇಶ, ಹೊರಡುವಾಗ ಮತ್ತು ಮರಳಿದಾಗಿನ ಮೀಟರ್ ಅಂಕಿ, ಮೊಬೈಲ್ ತೋರಿಸಿದ ಅಂದಾಜು, ಆದ ನಿಜವಾದ ಖರ್ಚು, ಪ್ರಯಾಣದಿಂದ ಬಂದ ಆರ್ಡರ್ ಅಥವಾ ವಸೂಲಿ ಇಷ್ಟು ಇದ್ದರೆ ಸಾಕು. ಮೂರು ತಿಂಗಳ ಹಾಳೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಯಾವ ಓಡಾಟ ಫಲ ಕೊಟ್ಟಿದೆ, ಯಾವುದು ದೂರವಾಣಿಯಲ್ಲೇ ಮುಗಿಯಬಹುದಿತ್ತು ಎಂಬುದು ತಾನಾಗಿ ಗೋಚರಿಸುತ್ತದೆ. ಆದಾಯ ತೆರಿಗೆ ಅಧಿಕಾರಿಗಳು ಸ್ವಂತ ಬಳಕೆಯ ಬಗ್ಗೆ ವಿವರಣೆ ಕೇಳಿದಾಗಲೂ ಅದೇ ಹಾಳೆ ಆಧಾರವಾಗುತ್ತದೆ.