ಹಿಂಗಾರಿ ಕಡಲೆಯೂ ನಮ್ಮ ಬೀಳುಗದ್ದೆಗಳೂ



ಸಾವಯವ ಕೃಷಿಯ ಮಾತು ಬಂದಾಗ ಯುರೋಪಿನ ಚಳಿ ತಡೆಯುವ ಬಟಾಣಿಯ ಪ್ರಸ್ತಾಪವೂ ಬರುವುದುಂಟು. ಅಲ್ಲಿನವರು ಅದನ್ನು ಚಳಿಗಾಲಕ್ಕೆ ಮುನ್ನ ರೈ ಅಥವಾ ಟ್ರಿಟಿಕೇಲ್ ಧಾನ್ಯದೊಡನೆ ಬಿತ್ತುತ್ತಾರೆ. ಧಾನ್ಯದ ದಂಟು ಬಳ್ಳಿಗೆ ಆಸರೆಯಾಗುತ್ತದೆ, ಬೇರಿನ ಗಂಟುಗಳು ಸಾರಜನಕ ಹಿಡಿಯುತ್ತವೆ, ಕಳೆಯೂ ಅಡಗುತ್ತದೆ. ಕ್ರಮ ಒಳ್ಳೆಯದೇ. ಆದರೆ ಹಿಮ ಬೀಳದ ನಮ್ಮ ನಾಡಿಗೆ ಆ ಬೀಜ ತರಿಸುವ ಅಗತ್ಯವಿಲ್ಲವೆಂದು ನನ್ನ ಅಭಿಪ್ರಾಯ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ಎರೆಭೂಮಿಯಲ್ಲಿ ಈ ಕೆಲಸವನ್ನು ಕಡಲೆ ಮಾಡುತ್ತದೆ. ಮುಂಗಾರು ಮುಗಿದ ಮೇಲೆ ನೆಲದಲ್ಲಿ ಉಳಿದ ತೇವವನ್ನೇ ನಂಬಿ ಬಿಳಿಜೋಳ, ಕುಸುಬೆಗಳ ಜೊತೆಗೆ ಅದನ್ನು ಬಿತ್ತುತ್ತಾರೆ. ತಿಂಗಳ ಪೈರಿನ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ. ಚಿವುಟಿದ ಕುಡಿ ಪಲ್ಯಕ್ಕಾಗುತ್ತದೆ, ಹೊಟ್ಟು ದನಕ್ಕಾಗುತ್ತದೆ.

ಆ ಸೀಮೆಯಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. ಕೃಷ್ಣಾ, ಘಟಪ್ರಭಾ ನೀರು ಬಂದಲ್ಲಿ ಕಬ್ಬಿನ ಮೇಲೆ ಕಬ್ಬು ಬೆಳೆದು, ಅತಿಯಾಗಿ ನೀರು ಹಾಯಿಸಿ, ಕೆಲವು ಹೊಲಗಳು ಸವಳು ಹಿಡಿದವು. ಉಪ್ಪೇರಿದ ನೆಲದಲ್ಲಿ ಕಡಲೆ ಏಳುವುದಿಲ್ಲ. ಒಂದೇ ಬೆಳೆಯ ಆದಾಯವನ್ನು ನಂಬಿದ ಕಾಫಿ-ಅಡಿಕೆಯವರಾದ ನಾವೂ ಇದನ್ನು ಯೋಚಿಸಬೇಕು.

ಕಡಲೆ ನಮ್ಮ ಅಡಿಕೆ ತೋಟದ ನೆರಳಿಗೂ ಶೀತಕ್ಕೂ ಹೊಂದುವುದಿಲ್ಲ, ನಿಜ. ಆದರೆ ಭತ್ತ ಕೊಯ್ದ ಮೇಲೆ ನಮ್ಮ ಗದ್ದೆಗಳು ಬೀಳು ಬೀಳುತ್ತಿಲ್ಲವೇ? ತೇವ ಆರುವ ಮೊದಲೇ ಅಲ್ಲಿ ಅಲಸಂದೆ, ಹೆಸರು, ಉದ್ದು ಬಿತ್ತಬಹುದು. ಹೊಸದಾಗಿ ಕಾಫಿ ನೆಟ್ಟ ಜಾಗದ ಸಾಲುಗಳ ನಡುವೆ, ಮಳೆಗಾಲದ ಆರಂಭದಲ್ಲಿ ಅಲಸಂದೆ ಹಾಕಿದರೆ ಮಣ್ಣು ಕೊಚ್ಚಿಹೋಗುವುದೂ ತಗ್ಗುತ್ತದೆ.

ಬೀಜಕ್ಕೆ ಬೆಲ್ಲದ ನೀರಿನಲ್ಲಿ ರೈಜೋಬಿಯಂ ಲೇಪಿಸಿ ನೆರಳಿನಲ್ಲಿ ಆರಿಸಿರಿ. ಕಡಲೆಯ ರೈಜೋಬಿಯಂ ಅಲಸಂದೆಗೆ ಆಗದು; ಆಯಾ ಬೆಳೆಯದನ್ನೇ ಕೇಳಿ ತೆಗೆದುಕೊಳ್ಳಿರಿ. ಹಸಿರೆಲೆ ಗೊಬ್ಬರಕ್ಕಾದರೆ ಹೂ ಬಿಡುವಾಗಲೇ ಮಣ್ಣಿಗೆ ಸೇರಿಸಿರಿ. ಕಾಯಿ ಬಿಡಿಸಿಕೊಳ್ಳುವುದಾದರೆ ಗಿಡವನ್ನು ಕೀಳದೆ ಬುಡದಲ್ಲಿ ಕೊಯ್ಯಿರಿ, ಬೇರು ನೆಲದಲ್ಲೇ ಇರಲಿ.

ಬಯಲುಸೀಮೆಯಿಂದ ಲಾರಿಯಲ್ಲಿ ಬರುವ ಕುರಿಗೊಬ್ಬರಕ್ಕೂ ಯೂರಿಯಾ ಮೂಟೆಗೂ ಸಣ್ಣ ಹಿಡುವಳಿದಾರರು ಸಾಲ ಎತ್ತುವುದನ್ನು ಸಂಘದ ಲೆಕ್ಕದ ಪುಸ್ತಕಗಳಲ್ಲಿ ನೋಡುತ್ತಲೇ ಇದ್ದೇನೆ. ದ್ವಿದಳ ಬೆಳೆಯಿಂದ ಆ ಖರ್ಚು ಪೂರ್ತಿ ನಿಲ್ಲದು, ಒಂದಿಷ್ಟು ಖಂಡಿತ ಇಳಿಯುತ್ತದೆ. ಪ್ರತಿ ಸದಸ್ಯರೂ ಐದು ಗುಂಟೆಯಲ್ಲಿ ಪರೀಕ್ಷಿಸಿ ನೋಡಲಿ. ಬೀಜವನ್ನು ಸಂಘವೇ ಒಟ್ಟಾಗಿ ಕೊಂಡು ಹಂಚಲಿ. ಈ ಸಲಹೆಯನ್ನು ಮುಂದಿನ ಸಭೆಯಲ್ಲಿ ಮಂಡಿಸುತ್ತೇನೆ. ಒಪ್ಪುವವರೂ ಒಪ್ಪದವರೂ ಬಂದು ಮಾತನಾಡಬೇಕಾಗಿ ವಿನಂತಿ.

— ಕಾರ್ಯದರ್ಶಿ